ಕಿಟಕಿಗಿಂತ ಎರಡು ಗೇಣು ಕೆಳಗೆ

ಮೇಲಿನ ಕೋಣೆಗೆ ಬಾಡಿಗೆಗೆ ಬಂದ ದಿನ, ಕೆಳಮನೆಯ ಯಜಮಾನಿ ಅವನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ಅಳೆದು ನೋಡಿ, ಹೆಸರು ಕೂಡ ಕೇಳದೆ ಅಂದರು: "ಬಲ ಭುಜಕ್ಕಿಂತ ಎಡ ಭುಜ ಅರ್ಧ ಇಂಚು ಇಳಿದಿದೆ. ಎಲ್ಲಿ ಕೆಲಸ?"

"ಷೂ ಅಂಗಡೀಲಿ."

"ಹಾಗನ್ನು. ದಿನವಿಡೀ ಒಂದೇ ಮೊಣಕಾಲೂರಿ ಕೂತ್ರೆ ಇನ್ನೇನಾಗತ್ತೆ? ನಾಳೆಯಿಂದ ಕಾಲು ಬದಲಾಯಿಸು."

ಅವನು ಬದಲಾಯಿಸಲಿಲ್ಲ. ಯಾರಾದರೂ ಸರಿಯಾದ ಮಾತು ಹೇಳಿದರೆ ತಲೆಯಾಡಿಸಿ ಹೂಂಗುಟ್ಟುವುದು, ಆಮೇಲೆ ಮೊದಲಿನ ಹಾಗೇ ಇದ್ದುಬಿಡುವುದು ಅವನ ಹುಟ್ಟುಗುಣ. ಅಂಗಡಿಯವರು ಅವನ ಎದೆಗೆ ಸಿಕ್ಕಿಸಿದ್ದ ಬಿಲ್ಲೆಯ ಮೇಲೆ 'ಗ್ರಾಹಕ ಸಲಹೆಗಾರ' ಎಂದು ಬರೆದಿತ್ತು. ನಾಲ್ಕು ವರ್ಷದಲ್ಲಿ ಅವನ ಹತ್ತಿರ ಸಲಹೆ ಕೇಳಿದ ಗ್ರಾಹಕ ಒಬ್ಬನೂ ಇರಲಿಲ್ಲ. ಕಾಲು ಚಾಚಿದವರೇ ಎಲ್ಲ.

ಯಜಮಾನಿಯನ್ನು ಬೀದಿಯವರು ಕಟಿಂಗ್ ದೊಡ್ಡಮ್ಮ ಎನ್ನುತ್ತಿದ್ದರು. ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಬಟ್ಟೆ ಕತ್ತರಿಸಿದವರು. ಉದ್ದನೆಯ ಮೇಜಿನ ಮೇಲೆ ಎಂಬತ್ತು ಪದರ ಬಟ್ಟೆ ಹಾಸಿ, ಸೀಮೆಸುಣ್ಣದ ಬಿಲ್ಲೆಯಲ್ಲಿ ಗೆರೆ ಎಳೆದು, ಕರೆಂಟಿನ ಕತ್ತಿ ಓಡಿಸಿದರೆ ಮೇಲಿನ ತೋಳಿಗೂ ತಳದ ತೋಳಿಗೂ ಕೂದಲೆಳೆಯಷ್ಟು ಹೆಚ್ಚುಕಮ್ಮಿ ಆಗುತ್ತಿರಲಿಲ್ಲವಂತೆ. ಒಂದೇ ಒಂದು ಸಲ ಕೈ ತಪ್ಪಿತ್ತು. ಆ ಸಲ ಎಡಗೈ ಉಂಗುರಬೆರಳಿನ ತುದಿ ಹೋಯಿತು. "ಸರಕ್ಕನೆ ಕೈಯೆಳೆದು ಏಪ್ರನ್ನಿಗೆ ಸುತ್ತಿಕೊಂಡೆ. ಬಟ್ಟೆ ಮೇಲೆ ಒಂದು ತೊಟ್ಟು ಬೀಳ್ಲಿಲ್ಲ," ಎಂದು ಈಗಲೂ ಹೆಮ್ಮೆಯಿಂದ ಹೇಳುತ್ತಿದ್ದರು. ಕತ್ತರಿಸಿದ್ದೆಲ್ಲ ಮೂರೇ ಬಣ್ಣ: ನೀಲಿ, ಖಾಕಿ, ಬೂದಿ. ಅಷ್ಟು ವರ್ಷ ಬೆಳಗಿನಿಂದ ಸಂಜೆಯವರೆಗೆ ಅವರ ಕಣ್ಣಿಗೆ ಬಿದ್ದದ್ದು ಬೇರೆ ಯಾವುದೂ ಅಲ್ಲ.

ಆ ಕಣ್ಣಿಗೆ ಅವರು ಕೊಟ್ಟುಕೊಂಡ ಒಂದೇ ಒಂದು ಸುಖ ಗುಲಾಬಿ ಗಿಡ. ಕಾರ್ಖಾನೆಯ ಮುಂದಿನ ತೋಟ ಅಗೆದು ಗಾಡಿ ನಿಲ್ಲಿಸುವ ಜಾಗ ಮಾಡಿದ ವರ್ಷ, ಕಸದ ರಾಶಿಯಲ್ಲಿ ಬೇರು ಮೇಲಾಗಿ ಬಿದ್ದಿದ್ದ ಗಿಡವೊಂದನ್ನು ಬಟ್ಟೆಚೂರಿನ ಚೀಲದಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದು, ತಮ್ಮ ಮಲಗುವ ಕೋಣೆಯ ಕಿಟಕಿಯ ಹೊರಗೆ ನೆಟ್ಟಿದ್ದರು. ಹೂವಿನದು ಕೆಂಪೂ ಅಲ್ಲದ ಕಿತ್ತಳೆಯೂ ಅಲ್ಲದ ಬಣ್ಣ. ಕೆಂಡದ ಮೇಲೆ ಬೂದಿ ಕೂರುವುದಕ್ಕೆ ಒಂದು ಗಳಿಗೆ ಮುಂಚೆ ಇರುತ್ತದಲ್ಲ, ಅದು. ಪರಿಮಳ ಮಾತ್ರ ಸೊನ್ನೆ. ಮೂಗು ಹೂತು ಎಳೆದುಕೊಂಡರೂ ಎಲೆಕೋಸಿನಷ್ಟು ವಾಸನೆಯಿಲ್ಲ.

"ಇದೆಂಥ ಗುಲಾಬಿ ದೊಡ್ಡಮ್ಮ, ಘಮ ಅನ್ನೋದೇ ಇಲ್ಲ," ಎಂದು ಅವನೊಮ್ಮೆ ಅಂದಿದ್ದ.

"ಮೂಗಿಗೆ ಬೇಕಿದ್ರೆ ಅಗರಬತ್ತಿ ತಗೊ. ಇದು ಕಣ್ಣಿಗೆ."

ಮನೆಯಲ್ಲಿ ಇನ್ನೊಬ್ಬರೆಂದರೆ ಅವರ ತಂಗಿ. ಅಕ್ಕ ದೊಡ್ಡಮ್ಮ ಆದಮೇಲೆ ಇವರು ತಾವಾಗಿಯೇ ಚಿಕ್ಕಮ್ಮ ಆಗಿದ್ದರು. ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಆಯಾ ಆಗಿ ಸಾವಿರಾರು ಕೂಸುಗಳನ್ನು ಎತ್ತಿದವರು. ಅಕ್ಕ ಗಿಡಕ್ಕೆ ಕತ್ತರಿ ಹಾಕುವ ದಿನ ಅವರು ಕಿವಿಗೆ ಹತ್ತಿ ತುರುಕಿಕೊಂಡು ಅಡುಗೆಮನೆ ಸೇರಿಬಿಡುತ್ತಿದ್ದರು.

"ಜೀವ ಇರೋದನ್ನ ಹೀಗೆ ಕಚಕಚ ಅಂತ ಕತ್ತರಿಸ್ತೀಯಲ್ಲೇ ಅಕ್ಕ, ನಿನ್ನ ಎದೇಲಿ ಏನಿದೆ?"

"ಅಳತೆ ಪಟ್ಟಿ. ಟೀ ಇಡು ಹೋಗು."

ಎರಡು ವರ್ಷ ಗಿಡಕ್ಕೆ ಕತ್ತರಿ ಬೀಳಲಿಲ್ಲ. ಮೊದಲ ವರ್ಷ ದೊಡ್ಡಮ್ಮ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡು ಮಲಗಿದ್ದರು. ಎರಡನೇ ವರ್ಷ ಗೋಡೆ ಹಿಡಿದು ಓಡಾಡುವಷ್ಟರಲ್ಲಿ ಕಣ್ಣು ಕೈಕೊಟ್ಟಿತು. ಕೇಳುವವರಿಲ್ಲದ ಗಿಡ ಮೇಲಕ್ಕೆ ಹೊರಟಿತು. ಹೆಬ್ಬೆರಳು ಗಾತ್ರದ ಐದು ಕಡ್ಡಿ, ಪೆನ್ಸಿಲಿಗಿಂತ ತೆಳ್ಳಗಿನ ಎರಡು. ಕೆಳಗೆ ಒಂದು ಎಲೆಯಿಲ್ಲ, ಬರೀ ಮುಳ್ಳಿನ ಕಂಬ. ಹೂವೆಲ್ಲ ತುತ್ತತುದಿಯಲ್ಲಿ. ಆ ಮನೆಯ ಸೂರು ತಗ್ಗು; ಮಹಡಿ ಎನ್ನುವುದು ಬಾಡಿಗೆಯ ಮಾತಿಗಷ್ಟೇ. ಹಾಗಾಗಿ ಕಡ್ಡಿಗಳ ತುದಿ ಬಂದು ನಿಂತದ್ದು ಸರಿಯಾಗಿ ಅವನ ಕಿಟಕಿಯ ಸರಳಿಗೆ. ನೀರು ಗೊಬ್ಬರ ಹಾಕುವವರು ಕೆಳಗೆ, ಹೂವು ಮೇಲೆ. ಬೆಳಿಗ್ಗೆ ಹಲ್ಲುಜ್ಜುತ್ತ ಕೈ ಚಾಚಿದರೆ ಸಾಕು, ಒಂದು ಗುಲಾಬಿ.

ಹಲ್ಲುಜ್ಜುವವನಿಗೆ ಗುಲಾಬಿ ಯಾಕೆ ಬೇಕಿತ್ತೆಂದರೆ, ಅಂಗಡಿಯ ಬಿಲ್ಲು ಕೌಂಟರಿಗೆ ಹೊಸಬಳೊಬ್ಬಳು ಬಂದಿದ್ದಳು. ಚಿಲ್ಲರೆ ಕೊಡುವಾಗ ಗ್ರಾಹಕರ ಮುಖ ನೋಡಿ ನಗುವ ಹುಡುಗಿ. ಅವನ ಮುಖಕ್ಕೆ ಚಿಲ್ಲರೆಯ ಯೋಗವೂ ಇರಲಿಲ್ಲ, ಏಕೆಂದರೆ ಅವನು ಇರುತ್ತಿದ್ದದ್ದೇ ನೆಲಮಟ್ಟದಲ್ಲಿ. ಹಾಗಾಗಿ ಎಲ್ಲರಿಗಿಂತ ಕಾಲು ಗಂಟೆ ಮುಂಚೆ ಹೋಗಿ, ಅವಳ ಮಷೀನಿನ ಪಕ್ಕದ ನೀರಿನ ಬಾಟಲಿಯಲ್ಲಿ ಒಂದು ಗುಲಾಬಿ ಸಿಕ್ಕಿಸಿ, ಗೋದಾಮಿಗೆ ಹೋಗಿ ಡಬ್ಬಿ ಜೋಡಿಸುವವನ ಹಾಗೆ ನಟಿಸುತ್ತಿದ್ದ. ಒಂದಲ್ಲ ಒಂದು ದಿನ ಅವಳು "ಯಾರು ಇಟ್ಟಿದ್ದು?" ಎಂದು ಕೇಳುತ್ತಾಳೆ, ತಾನು ಕೆಮ್ಮಿ ಮುಂದೆ ಬರಬೇಕು ಎಂದು ಯೋಜನೆ. ಮೂರನೇ ದಿನವೇ ಕೇಳಿದಳು. ಕೇಳಿದ್ದು ಮ್ಯಾನೇಜರನ್ನು. ಮ್ಯಾನೇಜರು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ, ಕೂದಲು ಸರಿಮಾಡಿಕೊಂಡರು. ಗೋದಾಮಿನ ಬಾಗಿಲ ಸಂದಿಯಿಂದ ನೋಡುತ್ತಿದ್ದ ನಮ್ಮ ಸಲಹೆಗಾರ ಕೆಮ್ಮಲೂ ಇಲ್ಲ. ಮರುದಿನವೂ ಗುಲಾಬಿ ಇಟ್ಟ. ನಿಲ್ಲಿಸಿಬಿಟ್ಟರೆ ಮ್ಯಾನೇಜರೇ ನಿಲ್ಲಿಸಿದರು ಅಂತಾಗುತ್ತದಲ್ಲ ಎಂಬುದು ಅವನ ತರ್ಕ.

ದೊಡ್ಡಮ್ಮ ಅವನನ್ನು ಕೆಳಕ್ಕೆ ಕರೆಸಿದ್ದು ಇಂಥ ದಿನಗಳಲ್ಲೇ. ಮಳೆ ನಿಂತು ಹತ್ತು ದಿನವಾಗಿತ್ತು.

"ಮೇಲಿನವನೇ, ಕೂತ್ಕೊ. ಡಾಕ್ಟರ ಹತ್ರ ಹೋಗಿದ್ವಿ. ಕಣ್ಣಿನ ಹಿಂದಿನ ನರ ಒಣಗ್ತಿದೆಯಂತೆ. ಮೂರು ತಿಂಗಳು ಸಿಗಬಹುದು, ಹೆಚ್ಚಿಗೆ ಕೇಳ್ಬೇಡಿ ಅಂದ್ರು."

"ಡಾಕ್ಟರುಗಳು ಏನೇನೋ ಹೇಳ್ತಾರೆ," ಎಂದರು ಚಿಕ್ಕಮ್ಮ ಒಳಗಿನಿಂದ.

"ನೀನು ಸುಮ್ನಿರು. ಈಗ್ಲೇ ನನಗೆ ಒಂದು ಮಾರಿನಾಚೆ ಎಲ್ಲ ಮಬ್ಬು. ನಿನ್ನ ಕಿಟಕೀಲಿ ಹೂವಿದೆ ಅಂತಾಳೆ ಇವಳು, ನನಗೆ ಕಾಣೋದು ಬರೀ ಕೋಲು."

"ಒಂದು ಕಿತ್ತು ತಂದುಕೊಡ್ಲಾ ದೊಡ್ಡಮ್ಮ?"

"ಕಿತ್ತ ಹೂವು ಅಂಗಡೀಲೂ ಸಿಗತ್ತೆ. ನನಗೆ ಗಿಡದ ಮೇಲೆ ಅರಳೋದು ಕಾಣ್ಬೇಕು. ಬೆಳಿಗ್ಗೆ ಮೊಗ್ಗು ಬಿರುಕು ಬಿಡತ್ತೆ, ಮಧ್ಯಾಹ್ನ ಅರ್ಧ, ಸಂಜೆಗೆ ಪೂರ್ತಿ. ಇಲ್ಲಿ ಕೂತು ಪೂರಾ ನೋಡ್ಬೇಕು, ಒಂದೇ ಒಂದು ಸಲ. ಆಮೇಲೆ ಕಣ್ಣು ಹೋದ್ರೆ ಹೋಗ್ಲಿ." ಕೈಬೆರಳು ಮಡಿಸಿ ಹೇಳಿದರು. "ಕತ್ತರಿಸಿದ ದಿನದಿಂದ ಹೂವಿಗೆ ಐವತ್ತು ದಿನ. ನನ್ನ ಹತ್ರ ತೊಂಬತ್ತಿದೆ. ನಲವತ್ತು ದಿನ ಕೈಲಿ ಉಳಿಯತ್ತೆ. ಅದಕ್ಕೇ ಹೊತ್ತು ಮೀರಬಾರದು. ಮಳೆ ಪೂರ್ತಿ ನಿಂತಿರ್ಬೇಕು, ಚಳಿ ಇನ್ನೂ ಕೂತಿರಬಾರದು, ಅದರ ನಡುವಿನ ಹದಿನೈದು ದಿನವೇ ಇದಕ್ಕೆ ಕಾಲ. ವಾರದಿಂದ ನೀರು ನಿಲ್ಲಿಸಿದ್ದೀನಿ, ಗಿಡ ನಿದ್ದೆಗೆ ಹೋಗಿದೆ. ಭಾನುವಾರ ನೀನು ಕತ್ತರಿಸ್ಬೇಕು. ಇವಳ ಕೈಲಿ ಆಗಲ್ಲ, ಕತ್ತರಿ ನೋಡಿದ್ರೇನೇ ಅಳ್ತಾಳೆ."

ಆಮೇಲೆ ಅರ್ಧ ಗಂಟೆ ಪಾಠ. ಕಪ್ಪಾದದ್ದು, ಒಣಗಿದ್ದು ಮೊದಲು ಹೋಗಬೇಕು. ಒಳಗಿನ ತಿರುಳು ಬೆಳ್ಳಗೆ ಕಾಣುವವರೆಗೆ ಇಳಿಯಬೇಕು. ಪೆನ್ಸಿಲಿಗಿಂತ ತೆಳುವಾದ್ದನ್ನು ಬುಡದಲ್ಲೇ ತೆಗೆಯಬೇಕು, ಅದು ಎಷ್ಟು ಚಿಗುರಿದರೂ ಗೊಡ್ಡು. ಹೆಬ್ಬೆರಳು ಗಾತ್ರದ್ದನ್ನು ಮಾತ್ರ ಉಳಿಸಿಕೊಳ್ಳಬೇಕು. ಚಿಗುರೊಡೆಯುವ ಗಿಣ್ಣಿನ ಕಣ್ಣುಗಳಲ್ಲಿ ಹೊರಮುಖವಾಗಿರುವುದನ್ನು ಹುಡುಕಿ, ಅದರ ಮೇಲೆ ಅರ್ಧ ಬೆರಳು ಬಿಟ್ಟು, ನೀರು ಕಣ್ಣಿನ ಮೇಲೆ ನಿಲ್ಲದೆ ಆಚೆ ಜಾರುವ ಹಾಗೆ ಓರೆಯಾಗಿ ಒಂದೇ ಏಟಿಗೆ ಕತ್ತರಿಸಬೇಕು. ಒಳಮುಖದ ಕಣ್ಣಿಗೆ ಕತ್ತರಿಸಿದರೆ ಚಿಗುರು ಗಿಡದ ಹೊಟ್ಟೆಯೊಳಗೇ ಬೆಳೆದು ಗಾಳಿಯಾಡದೆ ಕೊಳೆಯುತ್ತದೆ.

"ಎತ್ತರ?"

"ಕಿಟಕಿ ಕಟ್ಟೆಗಿಂತ ಎರಡು ಗೇಣು ಕೆಳಗೆ. ಹೊಲಿಗೆಗೆ ಅಂತ ಬಟ್ಟೆ ಬಿಡ್ತೀವಲ್ಲ, ಹಾಗೆ ಚಿಗುರಿಗೆ ಅಂತ ಜಾಗ ಬಿಡ್ಬೇಕು. ಎರಡೂವರೆ ಗೇಣು ಬೆಳೆದು ಮೊಗ್ಗು ಕಟ್ಟತ್ತೆ. ಆಗ ಹೂವು ಸರಿಯಾಗಿ ನನ್ನ ಮುಖದ ಮುಂದೆ." ತಲೆದಿಂಬಿನ ಕೆಳಗಿನಿಂದ ಸವೆದ ಸೀಮೆಸುಣ್ಣದ ಬಿಲ್ಲೆ ತೆಗೆದು ಅವನ ಕೈಗಿಟ್ಟರು. "ಮೊದ್ಲು ಗುರುತು, ಆಮೇಲೆ ಕತ್ತರಿ. ಗುರುತಿಲ್ಲದೆ ಕತ್ತರಿ ಎತ್ತಿದವರನ್ನ ನಾನು ಕೆಲಸದಿಂದ ತೆಗೆಸಿದ್ದೀನಿ."

ಭಾನುವಾರ ಬೆಳಿಗ್ಗೆ ಅವನು ಎದ್ದು ಕಿಟಕಿ ತೆರೆದ. ಸರಳಿನಾಚೆ ಹನ್ನೊಂದು ಮೊಗ್ಗು. ನೋಡಬಾರದಿತ್ತು, ಎಣಿಸಲೇಬಾರದಿತ್ತು. ಹನ್ನೊಂದು ಮೊಗ್ಗೆಂದರೆ ಕೌಂಟರಿನ ಮೇಲೆ ಎರಡು ವಾರ. ಎರಡು ವಾರದಲ್ಲಿ ತಾನು ಕೆಮ್ಮಿಬಿಡಬಹುದು. ದೊಡ್ಡಮ್ಮನ ಹತ್ತಿರ ನಲವತ್ತು ದಿನ ಹೆಚ್ಚಿಗೇ ಇದೆಯಲ್ಲ. ಅದರಲ್ಲಿ ಹದಿನಾಲ್ಕು ತೆಗೆದುಕೊಂಡರೆ ಗಂಟೇನು ಹೋಗುತ್ತದೆ? ಈ ಮೊಗ್ಗು ಮುಗಿಯಲಿ, ಮರುದಿನವೇ ಕತ್ತರಿಸಿದರಾಯಿತು. ಇಷ್ಟು ಯೋಚಿಸುವಷ್ಟರಲ್ಲಿ ಅವನ ಕೈ ಜೇಬಿನಲ್ಲಿತ್ತು. ಷೂ ಅಂಗಡಿಯವನ ಜೇಬಿನಲ್ಲಿ ಇರುವುದೇನು? ಲೇಸು.

ದೊಡ್ಡಮ್ಮ ಸ್ನಾನ ಮುಗಿಸಿ ಬರುವುದರೊಳಗೆ ಕೆಳಗಿಳಿದು, ಐದು ದಪ್ಪ ಕಡ್ಡಿಗಳನ್ನೂ ಪಕ್ಕಕ್ಕೆ ಬಾಗಿಸಿ, ಕಿಟಕಿಯ ಅಂಚಿನಾಚೆಗಿದ್ದ ಮಳೆನೀರಿನ ಕೊಳವೆಗೆ ಲೇಸಿನಿಂದ ಬಿಗಿದ. ಮುಳ್ಳು ಎರಡೂ ಮುಂಗೈ ಗೀರಿತು. ಅಂಗಡಿಯಲ್ಲಿ ಯಾರಿಗೂ ಅಷ್ಟು ಶ್ರದ್ಧೆಯಿಂದ ಗಂಟು ಹಾಕಿದವನಲ್ಲ ಅವನು. ಕಿಟಕಿಯ ಮುಂದೆ ಉಳಿದದ್ದು ಆ ಎರಡು ಪೆನ್ಸಿಲ್ ಕಡ್ಡಿ.

ಅಷ್ಟರಲ್ಲಿ ಚಿಕ್ಕಮ್ಮ ಅಕ್ಕನನ್ನು ಹಿಡಿದು ತಂದು ಮಂಚದ ಮೇಲೆ ಕೂರಿಸಿದರು. ಅವನು ಗುರುತು ಹಾಕಿ, ಎರಡು ಕಡ್ಡಿಯನ್ನೂ ಕತ್ತರಿಸಿದ. ಚಿಕ್, ಚಿಕ್.

"ಸದ್ದು ಸಣ್ಣಗೆ ಬಂತಲ್ಲೋ? ತೆಳ್ಳಗಿರೋದನ್ನ ಬುಡದಲ್ಲಿ ತೆಗೆದ್ಯಾ? ಇನ್ನು ದಪ್ಪಂದು ತಗೊ."

ಕಿವಿಯಿಂದಲೂ ಅಳೆಯುತ್ತಾರೆಂದು ಅವನಿಗೆ ಹೊಳೆದೇ ಇರಲಿಲ್ಲ. ಸುತ್ತ ನೋಡಿದ. ಗೋಡೆಗೆ ಒರಗಿ ಒಂದು ಹಳೇ ಪೊರಕೆ, ಬಿದಿರ ಹಿಡಿಯದು. ಅದನ್ನೆತ್ತಿ ಕತ್ತರಿಗೆ ಕೊಟ್ಟ. ಕಟಕ್. ಮತ್ತೊಂದು, ಕಟಕ್. ಐದು ಸಲ.

"ಒಣಗಿದ ಹಾಗೆ ಕೇಳ್ಸತ್ತೆ."

"ಎರಡು ವರ್ಷ ಆಯ್ತಲ್ಲ ದೊಡ್ಡಮ್ಮ, ಬಲಿತಿದೆ."

"ಹೌದೌದು. ಬಲಿತಿರತ್ತೆ," ಎಂದು ಆ ಹೆಂಗಸು, ಎಂಬತ್ತು ಪದರದಲ್ಲಿ ಕೂದಲೆಳೆಯ ತಪ್ಪು ಹಿಡಿಯುತ್ತಿದ್ದವರು, ನಂಬಿಬಿಟ್ಟರು.

ಚಿಕ್ಕಮ್ಮ ಕಸ ಗುಡಿಸಲು ಹೊರಗೆ ಬಂದಾಗ ಹಿಡಿಯಿಲ್ಲದ ಪೊರಕೆ ಕಂಡಿತು, ಲೇಸೂ ಕಂಡಿತು. ಚಿಕ್ಕಮ್ಮ ದನಿ ತಗ್ಗಿಸಿ, "ಒಳ್ಳೇದೇ ಮಾಡ್ದೆ ಬಿಡಪ್ಪಾ. ಪಾಪ, ಇಷ್ಟೆತ್ತರ ಬೆಳೆದದ್ದು. ಅವಳ ಕಣ್ಣಿಗೇನೂ ಆಗಲ್ಲ, ಹನಿ ಹಾಕ್ತಿದ್ದೀನಿ," ಅಂದರು. ಹೀಗೆ ಅವರವರ ಲೆಕ್ಕದಲ್ಲಿ ಇಬ್ಬರೂ ಒಳ್ಳೆಯ ಕೆಲಸವನ್ನೇ ಮಾಡಿದ್ದರು.

ಹನ್ನೊಂದು ಮೊಗ್ಗು ಮುಗಿಯುವ ಹೊತ್ತಿಗೆ ಪಕ್ಕದಲ್ಲಿ ಇನ್ನು ಕೆಲವು ಇಣುಕಿದವು. ಅದು ಮುಗಿಯಲಿ ಎಂದುಕೊಂಡ. ಆಮೇಲೆ ಅಂಗಡಿಯಲ್ಲಿ ರಿಯಾಯಿತಿ ಮಾರಾಟ ಶುರುವಾಗಿ ಮೂರು ಭಾನುವಾರ ರಜೆಯಿಲ್ಲ. ಕೌಂಟರಿನ ಹುಡುಗಿ ಮ್ಯಾನೇಜರಿಗೆ ದಿನಾ ಥ್ಯಾಂಕ್ಸ್ ಹೇಳುತ್ತಿದ್ದಳು. ಮ್ಯಾನೇಜರು ಈಗೀಗ, "ನಾಳೆ ಇದಕ್ಕಿಂತ ದೊಡ್ಡದು," ಎನ್ನುವ ಮಟ್ಟಕ್ಕೆ ಬಂದಿದ್ದರು. ಅವನು ದೊಡ್ಡದನ್ನೇ ಹುಡುಕಿ ಕೊಯ್ಯುತ್ತಿದ್ದ.

ಕೆಳಗೆ ದೊಡ್ಡಮ್ಮ ದಿನ ಎಣಿಸುತ್ತಿದ್ದರು. ಮಂಚದ ಪಕ್ಕದ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ದಿನಕ್ಕೊಂದು ಗೆರೆ. ಮೆಟ್ಟಿಲ ಮೇಲೆ ಅವನ ಹೆಜ್ಜೆ ಸದ್ದಾದರೆ ಸಾಕು, "ಚಿಗುರು ಕಂಡಿತೇನೋ?" ಎಂದು ಕೂಗುವರು. "ಬಂದಿದೆ ದೊಡ್ಡಮ್ಮ, ಕೆಂಪಗೆ." ಅದು ಸುಳ್ಳಾಗಿರಲಿಲ್ಲ, ಪೆನ್ಸಿಲ್ ಕಡ್ಡಿಯೂ ಚಿಗುರುತ್ತದೆ. ಅವರೂ ಸರಳಿಗೆ ಮುಖ ಒತ್ತಿ ಆ ಕೆಂಪನ್ನು ನೋಡಿ, "ಬಂತು, ಬಂತು," ಎಂದು ತಂಗಿಯನ್ನು ಕರೆದು ತೋರಿಸುವರು. ಇಪ್ಪತ್ತನೇ ದಿನ ಎಲೆ ಬಂತು. ಮೂವತ್ತನೇ ದಿನ, "ಮೊಗ್ಗು ಕಟ್ಟೋ ಹೊತ್ತಿದು, ಯಾಕೋ ಕಾಣ್ತಿಲ್ಲ. ನನ್ನ ಕಣ್ಣೇ ಇರ್ಬೇಕು," ಅಂದರು. ತಪ್ಪನ್ನು ಕಣ್ಣಿನ ಮೇಲೆ ಹಾಕಿದರೇ ಹೊರತು ಅವನ ಮೇಲೆ ಹಾಕಲಿಲ್ಲ. ಅವನು ಆ ದಿನ ಹಿತ್ತಲ ಬಾಗಿಲಿಂದ ಕೆಲಸಕ್ಕೆ ಹೋದ.

ಐವತ್ತನೇ ಗೆರೆ ಬಿದ್ದ ದಿನ ಭಾನುವಾರ.

"ಮೇಲಿನವನೇ, ಇಳಿದು ಬಾ."

ದೊಡ್ಡಮ್ಮ ಕಿಟಕಿಯ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ತಲೆ ಬಾಚಿಕೊಂಡಿದ್ದರು. ಸರಳಿನ ನಡುವೆ ಕೈ ಹೊರಗೆ ಚಾಚಿ, ಚಿಗುರನ್ನು ಬುಡದಿಂದ ತುದಿಯವರೆಗೆ ಎರಡು ಬೆರಳ ನಡುವೆ ಓಡಿಸಿದರು, ದಾರದ ಗುಣ ನೋಡುವವರ ಹಾಗೆ. ತುದಿಯಲ್ಲಿ ಬೆರಳು ನಿಂತಿತು.

"ಗೊಡ್ಡು. ತುದಿ ಮುರುಟಿದೆ, ಮೊಗ್ಗಿಲ್ಲ."

ಮತ್ತೆ ಕೆಳಕ್ಕೆ ಬಂದು ಕಡ್ಡಿ ಹಿಡಿದರು. "ಇದು ಪೆನ್ಸಿಲ್. ಇನ್ನೊಂದೂ ಪೆನ್ಸಿಲ್. ಹೆಬ್ಬೆರಳು ಎಲ್ಲಿ?"

ದೊಡ್ಡಮ್ಮ ಭುಜದವರೆಗೂ ತೋಳು ಹೊರಹಾಕಿ, ಕಿಟಕಿಯ ಅಂಚಿನಾಚೆ ತಡಕಿದರು. ಮುಳ್ಳು ಚುಚ್ಚಿದಾಗ ಕೈ ಹಿಂದೆ ತೆಗೆಯಲಿಲ್ಲ. ಮುಳ್ಳಿನ ಮೇಲೇ ಬೆರಳಿಟ್ಟು ಮುಂದೆ ಹೋದರು. ದಪ್ಪ ಕಡ್ಡಿ ಸಿಕ್ಕಿತು. ಅದರ ಮೇಲೆ ಬಿಗಿದ ದಾರ ಸಿಕ್ಕಿತು.

"ಹೆಣೆದ ದಾರ. ಚಪ್ಪಟೆ. ಒಳಗೆ ಟೊಳ್ಳು." ಬೆರಳು ದಾರದ ಗುಂಟ ನಡೆದು ಗಂಟು ದಾಟಿ ತುದಿಗೆ ಬಂತು. "ತುದಿಗೆ ಪ್ಲಾಸ್ಟಿಕ್ ಕೊಳವೆ." ತೋಳು ಒಳಗೆಳೆದುಕೊಂಡರು. ಗೀರುಗಳಿಂದ ರಕ್ತ ಒಸರುತ್ತಿತ್ತು. "ನಿಮ್ಮ ಅಂಗಡೀದಾ?"

"ಹೂಂ."

"ಮತ್ತೆ ಆ ದಿನ ಕಟಕ್ ಕಟಕ್ ಅಂದದ್ದು?"

"ಪೊರಕೆ ಹಿಡಿ."

ಅಡುಗೆಮನೆಯಲ್ಲಿ ಚಿಕ್ಕಮ್ಮನ ಪಾತ್ರೆಯ ಸದ್ದು ನಿಂತಿತು. ದೊಡ್ಡಮ್ಮ ಅತ್ತ ತಿರುಗಲಿಲ್ಲ. "ನಿನಗೂ ಗೊತ್ತಿತ್ತು ಅಲ್ವೇನೇ?" ಅಂದರು. ಆಮೇಲೆ ಅವನನ್ನೇ ಕೇಳಿದರು.

"ಮೇಲೆ ಎಷ್ಟು ಹೂವು ಬಂತು?"

"ಮೂವತ್ತೆಂಟು."

"ಬಣ್ಣ ಹಾಗೇ ಇದೆಯಾ?"

"ಹಾಗೇ ಇದೆ ದೊಡ್ಡಮ್ಮ."

"ಏನು ಮಾಡ್ದೆ ಅಷ್ಟೂ?"

ಹೇಳಿದ. ಕೌಂಟರು, ಬಾಟಲಿ, ಗೋದಾಮು ಎಲ್ಲ ಹೇಳಿದ. ಹೇಳುವಾಗ ತನ್ನ ಕಥೆ ತನಗೇ ಎಷ್ಟು ಬಡಕಲಾಗಿ ಕೇಳಿಸಿತೆಂದರೆ, ನಡುವೆ ಒಂದೆರಡು ಕಡೆ ಸ್ವಲ್ಪ ಮಸಾಲೆ ಸೇರಿಸೋಣವೇ ಅನ್ನಿಸಿತು.

"ಅವಳಿಗೆ ಗೊತ್ತಾ, ನೀನು ಇಡೋದು ಅಂತ?"

"ಇಲ್ಲ. ಮ್ಯಾನೇಜರು ಅಂದ್ಕೊಂಡಿದ್ದಾಳೆ."

ದೊಡ್ಡಮ್ಮ ನಕ್ಕರು. ಬೈದಿದ್ದರೆ ಅವನು ತಲೆ ತಗ್ಗಿಸಿ ನಿಂತು ತಡೆದುಕೊಳ್ಳುತ್ತಿದ್ದ. ಅಂಗಡಿಯಲ್ಲಿ ದಿನಾ ಅಭ್ಯಾಸವಿತ್ತು. ಆ ನಗುವಿನ ಮುಂದೆ ಎಲ್ಲಿ ನಿಲ್ಲಬೇಕೆಂದು ಅವನಿಗೆ ತಿಳಿಯಲಿಲ್ಲ.

"ಥೂ. ಕದ್ದದ್ದನ್ನಾದ್ರೂ ನೆಟ್ಟಗೆ ಅನುಭವಿಸಬಾರದಾ? ನನ್ನ ಐವತ್ತು ದಿನ ತಗೊಂಡು ಹೋಗಿ ಮ್ಯಾನೇಜರಿಗೆ ಕೊಟ್ಟೆಯಲ್ಲೋ."

ಆಮೇಲೆ ದೊಡ್ಡಮ್ಮ ಪಕ್ಕದ ಮಂಚದ ದಿಂಬಿನಡಿ ಕೈ ಹಾಕಿ ಸೀಮೆಸುಣ್ಣ ತೆಗೆದರು. ಈ ಸಲ ಅವನ ಕೈಗೆ ಕೊಡಲಿಲ್ಲ. "ಲೇಸು ಬಿಚ್ಚು. ಒಂದೊಂದಾಗಿ ಕಡ್ಡೀನ ನನ್ನ ಕೈಗೆ ತಾ."

ಅವನು ಹೊರಗೆ ನಿಂತು ಕಡ್ಡಿ ಬಾಗಿಸಿ ಕಿಟಕಿಗೆ ತಂದ. ದೊಡ್ಡಮ್ಮ ಕಟ್ಟೆಯಿಂದ ಕೆಳಕ್ಕೆ ಎರಡು ಗೇಣು ಹಾಕಿ, ತುದಿಯಿಲ್ಲದ ಬೆರಳಿನ ಮೊಂಡಿನಿಂದ ಹೊರಮುಖದ ಕಣ್ಣು ಹುಡುಕಿ, ಅದರ ಮೇಲೆ ಅರ್ಧ ಬೆರಳು ಬಿಟ್ಟು ಓರೆಯಾಗಿ ಗೆರೆ ಎಳೆದರು. "ಇಲ್ಲಿ." ಕಟಕ್. "ಇದು ಹಸಿ ಸದ್ದು. ಕೇಳಿಸ್ಕೊ." ಮೊಗ್ಗು, ಎಲೆ, ಅರಳಿದ್ದು ಎಲ್ಲ ಸೇರಿ ಮಾರುದ್ದದ ಐದು ಕಡ್ಡಿಗಳು ಅವನ ಕಾಲ ಬಳಿ ಬಿದ್ದವು. ಗೊಡ್ಡೆರಡನ್ನು ಬುಡದಲ್ಲಿ ತೆಗೆಸಿದರು. ಈ ಸಲ ಚಿಕ್ಕಮ್ಮ ಕಿವಿಗೆ ಹತ್ತಿ ಇಟ್ಟುಕೊಳ್ಳಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ಪ್ರತಿ ಸದ್ದನ್ನೂ ಕೇಳಿದರು.

"ಐವತ್ತು ದಿನಕ್ಕೆ ಬರತ್ತಲ್ವಾ ದೊಡ್ಡಮ್ಮ?" ಎಂದು ಕೇಳಿದ ಅವನು. ಕೇಳಬಾರದಿತ್ತು.

"ಚಳಿ ಕೂತಾಯ್ತು. ಈಗ ಅರವತ್ತೈದು ಬೇಕು. ನನ್ನ ಹತ್ರ ಇರೋದು ನಲವತ್ತು. ಕಳೆದು ನೋಡ್ಕೊ."

"ಮತ್ತೆ ಯಾಕೆ..."

"ಯಾಕೆ ಅಂದ್ರೆ? ನನಗೆ ಕಾಣಲ್ಲ ಅಂತ ಗಿಡ ಕಂಬ ಆಗ್ಬೇಕಾ? ಕಸ ಎತ್ತು."

ಡಾಕ್ಟರು ಹೇಳಿದ್ದರಲ್ಲಿ ಹೆಚ್ಚುಕಮ್ಮಿ ಆಗಲಿಲ್ಲ. ಗೋಡೆಯ ಮೇಲಿನ ಗೆರೆಗಳು ಮೊದಲು ವಾಲಿದವು, ಆಮೇಲೆ ಒಂದರ ಮೇಲೊಂದು ಬಿದ್ದವು, ಒಂದು ದಿನ ನಿಂತೇ ಹೋದವು. ಡಾಕ್ಟರುಗಳು ಏನೇನೋ ಹೇಳುತ್ತಾರೆ ಎನ್ನುತ್ತಿದ್ದ ಚಿಕ್ಕಮ್ಮ ಮಂಚದಿಂದ ಬಚ್ಚಲವರೆಗೆ ಒಂದು ಹಗ್ಗ ಕಟ್ಟಿದರು. ಅಕ್ಕ ಅದನ್ನು ಹಿಡಿದು ನೋಡಿ, "ಲೇಸಲ್ಲ ತಾನೆ?" ಅಂದರು. ಚಿಕ್ಕಮ್ಮ ಸೆರಗನ್ನು ಬಾಯಿಗೊತ್ತಿಕೊಂಡರು.

ಅವನು ಬೆಳಿಗ್ಗೆ ಸಂಜೆ ಗಿಡಕ್ಕೆ ನೀರು ಹಾಕಿದ. ಯಾರೂ ಹೇಳಿರಲಿಲ್ಲ, ಯಾರೂ ಬೇಡವೆನ್ನಲಿಲ್ಲ. ಅಂಗಡಿಗೆ ಬರಿಗೈಲಿ ಹೋದ. ನಾಲ್ಕು ದಿನ ಬಾಟಲಿ ಖಾಲಿಯಿದ್ದುದಕ್ಕೆ ಹುಡುಗಿ ಮ್ಯಾನೇಜರ ಮೇಲೆ ಮುನಿಸಿಕೊಂಡಳು. ಐದನೇ ದಿನ ಮ್ಯಾನೇಜರು ಎಲ್ಲಿಂದಲೋ ಒಂದು ಪ್ಲಾಸ್ಟಿಕ್ ಗುಲಾಬಿ ತಂದಿಟ್ಟರು. ಅದಕ್ಕೆ ಸುಗಂಧ ಬೇರೆ ಸಿಂಪಡಿಸಿದ್ದರು. ಅವಳಿಗೆ ಅದೇ ಹೆಚ್ಚು ಹಿಡಿಸಿತು. ಮುಂದಿನ ತಿಂಗಳು ಅವಳಿಗೆ ಬೇರೆ ಶಾಖೆಗೆ ವರ್ಗವಾಯಿತು. ಅವನು ಕೊನೆಗೂ ಕೆಮ್ಮಲಿಲ್ಲ.

ಎರಡನೇ ಸಲ ಕತ್ತರಿಸಿದ ಅರವತ್ತಾರನೇ ದಿನ ಬೆಳಿಗ್ಗೆ ಕೆಲಸಕ್ಕೆ ಹೊರಟವನು ಮೆಟ್ಟಿಲಿಳಿದು ನಿಂತ. ಕಿಟಕಿಯ ಕಟ್ಟೆಯಿಂದ ಅರ್ಧ ಗೇಣು ಮೇಲೆ, ಸರಳುಗಳ ಸರಿಯಾದ ನಡುವೆ, ಒಂದು ಮೊಗ್ಗು ಬಿರುಕು ಬಿಟ್ಟಿತ್ತು. ಅವತ್ತು ಅವನು ಕೆಲಸಕ್ಕೆ ಹೋಗಲಿಲ್ಲ. ಮಧ್ಯಾಹ್ನ ಅರ್ಧ ಅರಳಿತು. ಸಂಜೆಗೆ ಪೂರ್ತಿ. ಅವರು ಹೇಳಿದ ಹಾಗೇ ನಡೆಯಿತು. ನೋಡಿದ್ದು ಮಾತ್ರ ಅವನು.

"ದೊಡ್ಡಮ್ಮ, ಅರಳಿದೆ," ಎಂದ, ಕಿಟಕಿಯ ಹೊರಗಿನಿಂದ.

"ಎಷ್ಟೆತ್ತರದಲ್ಲಿ?"

"ನಿಮ್ಮ ಮುಖದ ನೇರಕ್ಕೆ."

"ಸರಿ ಹಾಗಾದ್ರೆ. ಅಳತೆ ತಪ್ಪಿಲ್ಲ." ಸರಳಿನ ನಡುವೆ ಕೈ ಬಂತು. ಹೂವಿನ ಮೇಲೆ ಬೆರಳಾಡಿಸಿದರು, ಒಂದೊಂದು ಎಸಳಿನ ಅಂಚನ್ನೂ. ಬಗ್ಗಿ ಮೂಸಿದರು. ಏನೂ ಇರಲಿಲ್ಲ, ಇರುವುದಿಲ್ಲವೆಂದು ಅವರಿಗೆ ಗೊತ್ತೇ ಇತ್ತು. ಆದರೂ ಇನ್ನೊಮ್ಮೆ ಮೂಸಿದರು. "ಕತ್ತರಿ ಕೊಡು."

"ಯಾಕೆ ದೊಡ್ಡಮ್ಮ? ಇವತ್ತೇ ಅರಳಿದ್ದು."

"ಕೊಡೋ."

ಕೊಟ್ಟ. ಹೂವಿನ ಕೊರಳಿನಿಂದ ಬೆರಳು ಕೆಳಗಿಳಿಯಿತು. ಮೂರೆಲೆ ಕೂಡಿದ ತೊಟ್ಟು ದಾಟಿ, ಐದೆಲೆ ಕೂಡಿದ ಮೊದಲ ತೊಟ್ಟು ದಾಟಿ, ಎರಡನೆಯದರ ಬಳಿ ಹೊರಮುಖದ ಕಣ್ಣಿಗೆ ಬಂದು ನಿಂತಿತು. ಗುರುತು ಹಾಕಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಗುರುತಿಲ್ಲದೆ ಕತ್ತರಿಸಿದರು. ಹೂವನ್ನು ಸರಳಿನಿಂದಾಚೆ ಅವನತ್ತ ಚಾಚಿದರು, ಒಂದೂವರೆ ಗೇಣು ತಪ್ಪಿದ ದಿಕ್ಕಿಗೆ. ಅವನು ಪಕ್ಕಕ್ಕೆ ಸರಿದು ತೆಗೆದುಕೊಂಡ.

"ತಗೊಂಡು ಹೋಗು. ಈ ಸಲ ನಾನೇ ಅಂತ ಹೇಳಿ ಕೊಡು ಅವಳಿಗೆ."

ಅವಳು ಹೋಗಿ ತಿಂಗಳಾಯಿತೆಂದು ಹೇಳಲು ಅವನು ಬಾಯಿ ತೆರೆದ. "ಆಯ್ತು ದೊಡ್ಡಮ್ಮ," ಅಂದ.

ದೊಡ್ಡಮ್ಮ ಕೈ ಒಳಗೆಳೆದುಕೊಳ್ಳಲಿಲ್ಲ. "ಓರೆ ಸರಿಯಾಗಿ ಬಂದಿದೆಯಾ ನೋಡು."

ಬಗ್ಗಿ ನೋಡಿದ. ಕಣ್ಣಿನ ಮೇಲೆ ಅರ್ಧ ಬೆರಳು, ನೀರು ಆಚೆ ಜಾರುವ ಓರೆ, ಒಂದೇ ಏಟು. ಅವನ ಕೈಯಲ್ಲಿ ಅಂಥದ್ದು ಎಂದೂ ಬಂದಿರಲಿಲ್ಲ.

"ಸರಿಯಾಗಿದೆ."

"ಹೂಂ," ಎಂದರು ದೊಡ್ಡಮ್ಮ. ಆಮೇಲೆ ಕಡ್ಡಿಯನ್ನು ಮತ್ತೆ ತಡಕಿ ಹುಡುಕಿ, ಕತ್ತರಿಸಿದ ಜಾಗದ ಮೇಲೆ ತಾವೇ ಹೆಬ್ಬೆರಳಿಟ್ಟು, ನಿಧಾನವಾಗಿ ತಿರುಗಿಸಿ ನೋಡಿಕೊಂಡರು.